ಹಾದಿ ಬಿಡುವ ಲೆಕ್ಕ

ಹುಬ್ಬಳ್ಳಿಯ ಲ್ಯಾಬಿನಲ್ಲಿ ಅದು ಜಾಣ.
ನುಣ್ಣನೆ ಟೈಲ್ಸಿನ ಮೇಲೆ ವಿದ್ಯಾರ್ಥಿಗಳು
ನಾನು ಹೇಳಿಕೊಟ್ಟಂತೆ ಎದುರು ನಡೆದು ಬಂದರು,
ಅದು ನಾನು ಬರೆದುಕೊಟ್ಟಂತೆ ಸರಿದು ನಿಂತಿತು.
ನಲವತ್ತೈದು ಸೆಂಟಿಮೀಟರು:
ಮನುಷ್ಯನಿಗೂ ಯಂತ್ರಕ್ಕೂ ನಡುವಿನ ಮರ್ಯಾದೆಯ ಅಳತೆ
ಅಂತ ಪ್ರಬಂಧದಲ್ಲಿ ಬರೆದೆ.

ಬ್ಯಾಡಗಿಯಲ್ಲಿ ಅದು ಒಂದು ಗೇಣೂ ಸಿಗಲಿಲ್ಲ.

ಸೋಮವಾರದ ಮೆಣಸಿನಕಾಯಿ ಪ್ಯಾಟಿ.
ನೆಲ ಕೆಂಪು, ಗಾಳಿ ಕೆಂಪು, ಕೆಮ್ಮು ಕೂಡ ಕೆಂಪು.
ಚೀಲ ಹೊತ್ತ ಯಂತ್ರ ಗೇಟಿನೊಳಗೆ ಹತ್ತು ಮಾರು ಹೋಗಿ
ನಿಂತೇ ಬಿಟ್ಟಿತು.
ಎದುರಿಗೆ ಒಬ್ಬ ಸೀನಿದ್ದ.
ತಲೆ ಬಾಗಿತು, ಕೈ ಮುಖದತ್ತ ಬಂತು,
ನನ್ನ ಪ್ರೋಗ್ರಾಮು ಅದನ್ನು ನಮಸ್ಕಾರ ಎಂದು ಓದಿತು.
ಇನ್ನೊಬ್ಬ ಸೀನಿದ. ಆ ಅಂಗಳದಲ್ಲಿ ಸೀನದವರು ಯಾರು?
ಮುಕ್ಕಾಲು ತಾಸು
ಎಲ್ಲರ ನಮಸ್ಕಾರ ಸ್ವೀಕರಿಸುತ್ತ ನಿಂತಿತ್ತು ಅದು.

ಹಮಾಲರು ಹೆಸರಿಟ್ಟರು: ಹೊಸ ಅಳಿಯ.
"ಕರದ ಹೊರ್ತು ಒಳಗ ಬರಂಗಿಲ್ಲ ನೋಡ್ರಿ.
ಮಣಿ ಹಾಕ್ರಿ ಕೂಡಾಕ!"

ಗುದ್ಲೆಪ್ಪ ನಗಲಿಲ್ಲ.
ಬೆನ್ನ ಮೇಲೆ ಚೀಲ, ತಲೆಯ ಮೇಲೆ ಗೋಣಿಯ ಕೊಪ್ಪೆ,
ಮೂವತ್ತು ವರ್ಷದಿಂದ ಅವನು ಎದುರು ಬಂದವರ ಮುಖ ಕಂಡಿಲ್ಲ.
"ನಿಮ್ಮ ಅಳ್ಯಾ ಮಾರಿ ನೋಡ್ತಾನ್ರಿ ಮೇಡಮ್ಮಾರ.
ಮಾರಿ ಸುಳ್ಳ ಹೇಳತೈತಿ.
ಹೆಬ್ಬಟ್ಟ ನೋಡಂತ ಹೇಳ್ರಿ ಅವಗ, ಕಾಲಿಂದು.
ಅದು ಯಾಕಡೆ ತಿರಗಿತೋ ಮನಶಾ ಆಕಡೆ ಹೊಂಟ."

ಕ್ಯಾಮೆರಾ ಮೊಣಕಾಲಿನ ಕೆಳಗೆ ಇಳಿಸಿದೆ.
ನಾಲ್ಕು ವಾರ, ಲಾಡ್ಜಿನ ಕೋಣೆಯಲ್ಲಿ ರಾತ್ರಿಯಿಡೀ
ಪಾದಗಳಿಗೆ ಗುರುತು ಹಚ್ಚುತ್ತ ಕೂತೆ:
ಬಿರಿದ ಹಿಮ್ಮಡಿ, ತಂತಿ ಬಿಗಿದ ಚಪ್ಪಲಿ,
ಖಾರಕ್ಕೆ ಚರ್ಮ ಸುಲಿದ ಬೆರಳಸಂದಿ,
ತೊಟ್ಟು ಮುರಿಯಲು ಬಂದವರ ಕಾಲುಂಗುರ,
ದಲಾಲರ ಬೂಟು. ಬೂಟು ಯಾರಿಗೂ ತಿರುಗುವುದಿಲ್ಲ.

ಐದನೆಯ ವಾರ ಅಳಿಯ ಓಡಾಡತೊಡಗಿದ.
ಬೂಟಿಗೆ ನಿಂತ, ಕೈಗಾಡಿಗೆ ಹಾದಿ ಬಿಟ್ಟ,
ಗುದ್ಲೆಪ್ಪನ ಹಿಂದೆ ಹೋಗಿ ಹೊಳ್ಳಿ ಬಂದ.
ನಾನು ಕುಣಿಯುವುದೊಂದು ಬಾಕಿ.

ಆಗ ಮಾಬೂಬಿ ಬುಟ್ಟಿ ಹೊತ್ತು ಬಂದಳು.
ಅದು ವೇಗ ಇಳಿಸಲಿಲ್ಲ.
ಅವಳೇ ಗೋಡೆಗೆ ಒತ್ತಿ ನಿಂತಳು,
ಗಾಲಿಗೆ ತಾಕದಂತೆ ಸೆರಗು ಎಳಕೊಂಡು.
ಆಮೇಲೆ ನೀಲವ್ವ.
ಆಮೇಲೆ ಚಹಾದ ಕೆಟಲಿ ಹಿಡಿದ, ಕಾಲ್ಗೆಜ್ಜೆಯ ಹುಡುಗಿ.

ರಾತ್ರಿ ಅಂಕಿ ಬಿಚ್ಚಿ ನೋಡಿದೆ.
ಯಂತ್ರ ಕೆಟ್ಟಿರಲಿಲ್ಲ, ಚೆನ್ನಾಗಿಯೇ ಕಲಿತಿತ್ತು.
ಎದುರುಬದುರಾದ ನೂರು ಸಲದಲ್ಲಿ ತೊಂಬತ್ಮೂರು ಸಲ
ಬೆಳ್ಳಿ ತೊಟ್ಟ ಪಾದವೇ ಮೊದಲು ಸರಿದಿತ್ತು.
ಹಾಗಾಗಿ ಬೆಳ್ಳಿ ಮಿನುಗಿದಲ್ಲಿ ಬ್ರೇಕು ಬೇಡ.
ಈ ಸಾಲನ್ನು ನಾನು ಬರೆದಿರಲಿಲ್ಲ.
ಬ್ಯಾಡಗಿಯೊಂದೇ ಬರೆದದ್ದೂ ಅಲ್ಲ.
ನಮ್ಮ ಡಿಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಹದಿನಾಲ್ಕು ವರ್ಷ
ಯಾರು ಬಂದರೆ ಯಾವ ಕಡೆ ಸರಿದೆನೆಂದು
ನನ್ನ ಹೆಬ್ಬೆರಳಿಗೆ ಗೊತ್ತು.

ಹೊಸ ಸಾಲೊಂದು ಸೇರಿಸಿದೆ:
ಮೊದಲು ಸರಿಯುವವರಿಗೆ ನೀನು ಮೊದಲು ನಿಲ್ಲು.

ಗುರುವಾರ. ಎರಡು ರಾಶಿಗಳ ನಡುವಿನ ಸಂದಿಯಲ್ಲಿ
ಅದು ನಿಂತಿತು, ಮಾಬೂಬಿಗಾಗಿ.
ಮಾಬೂಬಿಯೂ ನಿಂತಳು, ಗೋಡೆಗೆ ಒತ್ತಿ.
ಅದು ಕಾಯಿತು.
ಅವಳೂ.
ಹಿಂದೆ ಹನ್ನೆರಡು ಚೀಲ, ಒಂದು ಟಂಟಂ, ತಾಯಿ ಎತ್ತಿ ಬೈಗುಳ.
"ಹೋಗ್ರಿ ಅಕ್ಕಾರ" ಅಂದೆ.
"ಅದ ಹೋಗ್ಲಿ ಬಿಡ್ರಿ, ನನಗೇನ ಅವಸರ?"
ಬುಟ್ಟಿಯ ಭಾರಕ್ಕೆ ಅವಳ ಕತ್ತು ನಡುಗುತ್ತಿತ್ತು.

ಹಿಂದಿನಿಂದ, ಕೊಪ್ಪೆಯ ಒಳಗಿನಿಂದ ಗುದ್ಲೆಪ್ಪ:
"ಏ ಮಾಬೂ, ಅಳ್ಯಾ ಹಾದಿ ಬಿಟ್ಟಾನ.
ಅತ್ತಿ ನಡದಂಗ ನಡಿ ಒಮ್ಮೆ!"

ಅವಳ ಬಲಗಾಲ ಹೆಬ್ಬೆರಳು
ಗೋಡೆ ಬಿಟ್ಟು ಒಂದಿಷ್ಟು, ಬಹಳ ಅಲ್ಲ,
ಹಾದಿಯ ಕಡೆ ತಿರುಗಿತು.
ಆಗ ನಕ್ಕಳೋ ಸೀನಿದಳೋ ಹೇಳಲಾರೆ.
ಕ್ಯಾಮೆರಾ ಕೆಳಗಿತ್ತು, ದಾಖಲೆಯಲ್ಲಿ ಪಾದ ಮಾತ್ರ.
ನಾನು ನೋಡಿದ್ದೂ ಅದನ್ನೇ.

ವರದಿಯಲ್ಲಿ: ಸಾಗಾಟದ ವೇಗ ಶೇಕಡಾ ಹನ್ನೊಂದು ಇಳಿಕೆ.
ಕಾರಣ ಎಂಬ ಅಂಕಣ
ಇನ್ನೂ ಖಾಲಿ ಇದೆ.